ಕೂಗಿದರೆ ಕೈ ಬಿಗಿಯುತ್ತದೆ

ನನಗೆ ಬೈಕ್ ಕಲಿಸಿದ್ದು ಚಿಕ್ಕಪ್ಪ. ಗಾಡಿ ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಜಾಗ ನೊಣವಿನಕೆರೆ ಕಡೆಯ ನಮ್ಮ ತೋಟದ ಗಾಡಿದಾರಿ. ಎರಡೂ ಬದಿ ತೆಂಗಿನ ಸಾಲು, ಒಂದೊಂದು ಮರದ ಬುಡಕ್ಕೂ ಪಾತಿ. ಚಿಕ್ಕಪ್ಪ ಹಿಂದೆ ಕೂತಿದ್ದರು. ಮೊದಲ ಗೇರಿನಲ್ಲಿ ಹತ್ತು ಮಾರು ಹೋಗಿರಬಹುದು, ಗಾಡಿ ಎಡಕ್ಕೆ ಎಳೆಯಿತು. "ಬ್ರೇಕ್ ಹಿಡಿಯೋ, ಬ್ರೇಕು! ಕಿವಿ ಕೇಳ್ಸಲ್ವೇನೋ?" ಅಂತ ಕಿವಿ ಪಕ್ಕದಲ್ಲೇ ಕೂಗಿದರು. ನಾನು ಹಿಡಿದೆ. ಕೈಗೆ ಸಿಕ್ಕಿದ್ದು ಎಕ್ಸಲೇಟರ್. ಗಾಡಿ ಪಾತಿ ಹಾರಿ ಮರಕ್ಕೆ ಗುದ್ದಿತು. ಚಿಕ್ಕಪ್ಪನ ಮಣಿಕಟ್ಟು ಉಳುಕಿತು, ನನ್ನ ಮೊಣಕಾಲ ಕೆಳಗೆ ಇವತ್ತಿಗೂ ಒಂದು ಗೆರೆ ಇದೆ. "ಹೇಳಿದ್ದು ಕೇಳಲ್ಲ ಇವನು" ಅಂತ ಅವರು ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದರು. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು.

ಆಮೇಲೆ ನಾನೇ ನಾಲ್ಕಾರು ಜನಕ್ಕೆ ಕಲಿಸುವಾಗ ವಿಷಯ ಗೊತ್ತಾಯಿತು. ನಾನು ಅವತ್ತು ಕೇಳಿಸಿಕೊಂಡಿದ್ದೆ. ಎಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದೆನೆಂದರೆ, ಆ ಕೂಗಿಗೆ ಮೈಯೆಲ್ಲ ಬೆಚ್ಚಿ ಎರಡೂ ಕೈ ಮುಷ್ಟಿ ಕಟ್ಟಿದ್ದವು. ಬೆಚ್ಚಿದ ಮನುಷ್ಯನ ಕೈ ಮುಚ್ಚಿಕೊಳ್ಳುತ್ತದೆ. ಬೈಕಿನಲ್ಲಿ ಆ ಬಲಗೈ ಒಳಗೆ ಇರುವುದು ಎಕ್ಸಲೇಟರ್. ಮುಷ್ಟಿ ಬಿಗಿದಾಗ ಅದು ತಿರುಗುತ್ತದೆ, ಗಾಡಿ ಮುಂದಕ್ಕೆ ಜಗ್ಗುತ್ತದೆ, ಜಗ್ಗಿದ ರಭಸಕ್ಕೆ ಮೈ ಹಿಂದಕ್ಕೆ ವಾಲುತ್ತದೆ, ವಾಲಿದ ಮೈ ಹ್ಯಾಂಡಲ್ಲಿಗೆ ಜೋತು ಬಿದ್ದು ಮಣಿಕಟ್ಟನ್ನು ಇನ್ನಷ್ಟು ಕೆಳಗೆಳೆಯುತ್ತದೆ. ಒಂದು ಸಲ ಶುರುವಾದರೆ ಅದು ತಾನಾಗಿ ನಿಲ್ಲುವುದಿಲ್ಲ. ಮರವೋ ಬದುವೋ ಬೇಲಿಯೋ ನಿಲ್ಲಿಸಬೇಕು. ಹಿಂದಿನಿಂದ ನೋಡುವವನಿಗೆ ಮಾತ್ರ ಹುಡುಗ ಹೇಳಿದ್ದಕ್ಕೆ ತಿರುಗಾಮುರುಗ ಮಾಡಿದ ಹಾಗೆ ಕಾಣುತ್ತದೆ, ಅದಕ್ಕೆ ಇನ್ನೂ ಜೋರಾಗಿ ಕೂಗುತ್ತಾನೆ.

ಕಲಿಸುವವನು ಎಷ್ಟು ಬಿಗಿಯಾಗಿರಬೇಕು ಅನ್ನುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆಮನೆಯ ಪ್ರಶ್ನೆ. ಪೇಟೆಯ ಡ್ರೈವಿಂಗ್ ಸ್ಕೂಲುಗಳು ಬಹುಮಟ್ಟಿಗೆ ಕಾರು ಕಲಿಸುತ್ತವೆ. ಬೈಕು ಕಲಿಸುವವರು ಅಣ್ಣ, ಚಿಕ್ಕಪ್ಪ, ಮಾವ, ಪಕ್ಕದ ತೋಟದ ಗೆಳೆಯ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ, ಭಾನುವಾರದ ಶಾಲೆ ಮೈದಾನ, ಕೊಯ್ಲು ಮುಗಿದ ಹೊಲ, ಇವೇ ನಮ್ಮ ಪಾಠಶಾಲೆ. ಒಂದೂವರೆ ಗಂಟೆ ಕಲಿಸಿ, ಎರಡನೇ ಸಂಜೆ ಅಂಗಡಿಗೆ ಕಳಿಸಿ, ಮೂರನೇ ದಿನ ಹಿಂದೆ ಎರಡು ಚೀಲ ಕಾಯಿ ಕಟ್ಟಿಬಿಡುತ್ತೇವೆ.

ಕಾನೂನು ಒಂದು ವಿಷಯವನ್ನು ಒಪ್ಪಿಕೊಂಡಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿನ ಕಲಿಕಾ ವಾಹನಗಳಿಗೆ ಜೋಡಿ ನಿಯಂತ್ರಣ ಇರಲೇಬೇಕು, ಅಂದರೆ ಕಲಿಸುವವನ ಕಾಲ ಹತ್ತಿರವೂ ಬ್ರೇಕ್ ಇರಬೇಕು. ಅದೇ ನಿಯಮದಲ್ಲಿ ಒಂದು ವಿನಾಯಿತಿ: ಮೋಟಾರ್ ಸೈಕಲ್ ಬಿಟ್ಟು. ಬೈಕಿನಲ್ಲಿ ಇನ್ನೊಂದು ಬ್ರೇಕ್ ಹೇಗೆ ತಾನೇ ಇಡುವುದು? ಹಾಗಾಗಿ ಕಾರಿನ ಮೇಷ್ಟ್ರು ಬಾಯಿ ಮುಚ್ಚಿಕೊಂಡು ಕಾಲು ಒತ್ತಿದರೂ ಸಾಕು, ಗಾಡಿ ನಿಲ್ಲುತ್ತದೆ. ಬೈಕಿನ ಮೇಷ್ಟ್ರಿಗೆ ಇರುವುದು ಬಾಯಿ ಒಂದೇ. ಅವನ ಮಾತೇ ಅವನ ಬ್ರೇಕು. ಆ ಬ್ರೇಕಿನ ಕೇಬಲ್ ಕಲಿಯುವವನ ಕಿವಿಯಿಂದ ಕೈಬೆರಳಿನ ತನಕ ಸರಾಗವಾಗಿ ಹೋಗುವ ಹಾಗೆ ನೋಡಿಕೊಳ್ಳುವುದು ಅವನ ಮೊದಲ ಕೆಲಸ. ಬೈಗುಳ ಆ ಕೇಬಲ್ಲನ್ನೇ ಕತ್ತರಿಸುತ್ತದೆ.

ಇದಕ್ಕೆ ನನಗೆ ತಿಳಿದ ಪರಿಹಾರ ಸರಳವಾದದ್ದು. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಒಂದು ಪದ ಒಪ್ಪಂದ ಮಾಡಿಕೊಳ್ಳಬೇಕು: "ಕ್ಲಚ್". ಗೇರಿನ ಬೈಕಿನಲ್ಲಿ ಎಡಗೈಯ ನಾಲ್ಕೂ ಬೆರಳು ಕ್ಲಚ್ಚಿನ ಮೇಲೇ ಇರಬೇಕು. ಹೆದರಿದಾಗ ಎರಡು ಕೈಯೂ ಮುಷ್ಟಿ ಕಟ್ಟುತ್ತದಲ್ಲ, ಆಗ ಎಡಗೈ ಮುಷ್ಟಿಯಲ್ಲಿ ಕ್ಲಚ್ ಒಳಕ್ಕೆ ಬಂದರೆ, ಬಲಗೈ ಎಕ್ಸಲೇಟರನ್ನು ಎಷ್ಟು ತಿರುಗಿಸಿದರೂ ಇಂಜಿನ್ ಬರೀ ಕಿರುಚುತ್ತದೆ, ಚಕ್ರಕ್ಕೆ ಬಲ ಹೋಗುವುದಿಲ್ಲ. ಗಾಡಿ ಉರುಳಿಕೊಂಡು ಹೋಗಿ ನಿಲ್ಲುತ್ತದೆ. ನಿಂತ ಗಾಡಿಯಲ್ಲೇ ಇಪ್ಪತ್ತು ಸಲ ಇದನ್ನು ಆಡಿಸಬೇಕು: ನಾನು "ಕ್ಲಚ್" ಅಂದ ತಕ್ಷಣ ಎಡಗೈ ಮುಚ್ಚಬೇಕು. ಬೇರೆ ಮಾತು ಓಡುವ ಗಾಡಿಯ ಮೇಲೆ ಬೇಡ. ಏನಾದರೂ ಹೇಳಬೇಕೆಂದರೆ ಗಾಡಿ ನಿಲ್ಲಿಸಿ, ಆಫ್ ಮಾಡಿಸಿ, ಹೇಳಿ.

ಸ್ಕೂಟಿ ಸುಲಭ ಅಂತ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಹತ್ತು ನಿಮಿಷದಲ್ಲಿ ಕಲಿಸಿ ಬಿಟ್ಟುಬಿಡುತ್ತಾರೆ. ಈ ಒಂದು ವಿಷಯದಲ್ಲಿ ಸ್ಕೂಟಿಯೇ ಹೆಚ್ಚು ಅಪಾಯ. ಅದಕ್ಕೆ ಕೈಯಲ್ಲಿ ಹಿಡಿಯುವ ಕ್ಲಚ್ ಇಲ್ಲ, ಇಂಜಿನ್ನಿಗೂ ಚಕ್ರಕ್ಕೂ ಇರುವ ನಂಟನ್ನು ಕೈಯಿಂದ ಬಿಡಿಸುವ ದಾರಿಯೇ ಇಲ್ಲ. ಸ್ಟ್ಯಾಂಡಿನಿಂದ ಇಳಿಸುವಾಗ, ಗಾಡಿ ತಳ್ಳಿ ತಿರುಗಿಸುವಾಗ ಇಂಜಿನ್ ಆನ್ ಇದ್ದರೆ, ಕೈ ಜಾರಿದರೆ, ಗಾಡಿ ಮನುಷ್ಯನನ್ನು ಎಳೆದುಕೊಂಡೇ ಹೋಗುತ್ತದೆ. ತಳ್ಳುವಾಗ ಆಫ್ ಇರಬೇಕು, ನಿಂತಾಗ ಎಡಗೈ ಬ್ರೇಕ್ ಹಿಡಿದೇ ಇರಬೇಕು, ಎಕ್ಸಲೇಟರ್ ತಿರುಗಿಸದೆ ಹಿಡಿದಾಗಲೇ ಬಲ ಮಣಿಕಟ್ಟು ಕೆಳಗಿರಬೇಕು. ಇವನ್ನು ಹೇಳಿಕೊಡಲು ಹತ್ತು ನಿಮಿಷ ಸಾಲದು.

ಹಾಗಾದರೆ ಮೃದುವಾಗಿಯೇ ಇದ್ದುಬಿಡಬೇಕೆ? ಇಲ್ಲ. ನಾನು ಕಂಡ ಮಟ್ಟಿಗೆ ನಮ್ಮ ಕಡೆಯ ತೊಂದರೆ ಬಿಗಿ ಹೆಚ್ಚಾಗಿರುವುದರಿಂದ ಬಂದದ್ದಲ್ಲ, ತಪ್ಪು ಜಾಗದಲ್ಲಿ ಬಿಗಿ ಹಿಡಿಯುವುದರಿಂದ ಬಂದದ್ದು. ಗಾಡಿ ಆಫ್ ಆದರೆ ಬೈಯುತ್ತೇವೆ. ಗೇರ್ ತಪ್ಪಿದರೆ ತಲೆಗೆ ಮೊಟಕುತ್ತೇವೆ. ಅದೇ ಹುಡುಗ ಹೆಲ್ಮೆಟ್ ಇಲ್ಲದೆ ಬಂದರೆ "ತೋಟದೊಳಗೆ ತಾನೇ, ಬಾ" ಅನ್ನುತ್ತೇವೆ. ಆಫ್ ಆಗುವುದು ತಪ್ಪೇ ಅಲ್ಲ. ಕ್ಲಚ್ ಬಿಡುವಾಗ ಗಾಡಿ ಎಳೆಯಲು ಶುರು ಮಾಡುವ ಆ ಕೂದಲೆಳೆಯಷ್ಟು ಜಾಗವನ್ನು ಬೆರಳು ಹುಡುಕುತ್ತಿದೆ ಅಂತ ಅರ್ಥ. ನೂರು ಸಲ ಆಫ್ ಆಗಲಿ. ಹೆಲ್ಮೆಟ್ ಒಂದು ಸಲವೂ ತಪ್ಪಬಾರದು.

ಅಣ್ಣನ ಮಗಳಿಗೆ ಕಲಿಸಿದ್ದನ್ನು ಇಲ್ಲಿ ಹೇಳಬೇಕು. ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದಳು, ಬಸ್ಸು ತಪ್ಪಿದರೆ ಅರ್ಧ ದಿನ ಹೋಗುತ್ತಿತ್ತು. ಎಲ್‌ಎಲ್‌ಆರ್ ಮಾಡಿಸಿ, ಹಳೆಯ ಸ್ಪ್ಲೆಂಡರ್ ತೆಗೆದುಕೊಂಡು ಬೆಳಿಗ್ಗೆ ಆರೂವರೆಗೆ ಕೆರೆ ಅಂಗಳಕ್ಕೆ ಹೋಗುತ್ತಿದ್ದೆವು. ಮೊದಲ ದಿನ ಇಂಜಿನ್ ಸ್ಟಾರ್ಟ್ ಮಾಡಿಸಲಿಲ್ಲ. ಗಾಡಿಯನ್ನು ನೆಲಕ್ಕೆ ಮಲಗಿಸಿ, ಎತ್ತು ಅಂದೆ. ಹ್ಯಾಂಡಲ್ ಹಿಡಿದು ಜಗ್ಗಿದಳು, ಆಗಲಿಲ್ಲ. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಸೊಂಟ ಆನಿಸಿ, ಕಾಲಿನ ಬಲದಿಂದ ಹಿಂದಕ್ಕೆ ತಳ್ಳುತ್ತ ಏಳಬೇಕು. ತೋರಿಸಿದ ಮೇಲೆ ಮೂರನೇ ಸಲಕ್ಕೆ ಎತ್ತಿದಳು. ಜಪಾನಿನ ಬೈಕ್ ಶಾಲೆಗಳಲ್ಲೂ ಬಿದ್ದ ಗಾಡಿ ಎತ್ತುವುದು ಮೊದಮೊದಲ ಪಾಠ ಅಂತ ಓದಿದ್ದೆ. ಅವಳ ಮುಖದಲ್ಲಿ ಅವತ್ತು ಆದ ಬದಲಾವಣೆ ನೋಡಿದ ಮೇಲೆ ಅದರ ಗುಟ್ಟು ತಿಳಿಯಿತು. ಬಿದ್ದರೆ ಎತ್ತಬಲ್ಲೆ ಅನ್ನಿಸಿದವಳ ಭುಜ ಸಡಿಲವಾಗುತ್ತದೆ.

ನಾಲ್ಕನೇ ದಿನ ತೋಟದಿಂದ ಒಂದು ಚೀಲ ತೆಂಗಿನ ಚಿಪ್ಪು ತಂದು, ಐದೈದು ಹೆಜ್ಜೆಗೆ ಒಂದರಂತೆ ಬೋರಲು ಹಾಕಿ ಸಾಲು ಮಾಡಿದೆ. ಅವುಗಳ ನಡುವೆ ಹಾವಿನ ಹಾಗೆ ಹೊರಳಿ ಹೋಗಬೇಕು. ಅವಳು ಚಿಪ್ಪನ್ನೇ ನೋಡುತ್ತಾ ಹೋದಳು, ಚಕ್ರ ಚಿಪ್ಪಿನ ಮೇಲೇ ಹತ್ತಿತು. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ನಾನು ಮರಕ್ಕೆ ಗುದ್ದಿದ್ದೂ ಮರವನ್ನೇ ನೋಡುತ್ತಿದ್ದುದಕ್ಕೆ. ಹೇಳಿದೆ. ಮತ್ತೆ ಚಿಪ್ಪು ಪುಡಿಯಾಯಿತು. ಮತ್ತೆ ಹೇಳಿದೆ. ಐದನೇ ಸಲ ನಾನೂ ದನಿ ಎತ್ತಿದೆ: "ದೂರ ನೋಡು ಅಂದ್ನಲ್ಲ!" ಅವಳು ಗಾಡಿ ನಿಲ್ಲಿಸಿದಳು. "ಚಿಕ್ಕಪ್ಪ, ನೀವು ಸ್ವಲ್ಪ ಹೊತ್ತು ಆ ಏರಿ ಮೇಲೆ ಹೋಗಿ ನಿಂತ್ಕೊಳಿ. ನೀವು ಮಾತಾಡಿದ್ರೆ ನಂಗೆ ನಿಮ್ಮ ಮಾತೇ ಕೇಳ್ಸುತ್ತೆ, ಗಾಡಿ ಕೇಳ್ಸಲ್ಲ" ಅಂದಳು. ಹೋಗಿ ಏರಿಯ ಮೇಲೆ ನಿಂತೆ. ನಾನು ಅಲ್ಲಿದ್ದದ್ದು ಇಪ್ಪತ್ತು ನಿಮಿಷ. ಅಷ್ಟರೊಳಗೆ ಅವಳು ಎಂಟಕ್ಕೆ ಎಂಟೂ ಚಿಪ್ಪಿನ ನಡುವೆ ಹೊರಳಿ ಹೋದಳು, ಕತ್ತು ಎತ್ತಿಕೊಂಡು, ನನ್ನ ಕಡೆ ನೋಡುತ್ತಾ. ಕಲಿಯುವವರಿಗೆ ಗಾಡಿಯ ಮಾತು ಕೇಳಿಸಿಕೊಳ್ಳಲು ಬಿಡುವು ಬೇಕು ಅನ್ನುವುದನ್ನು ನಾನು ಕಲಿತದ್ದು ಅವಳಿಂದ.

ಆದರೆ ಒಂದು ಬೆಳಿಗ್ಗೆ ಹೆಲ್ಮೆಟ್ ತಲೆ ಮೇಲಿಟ್ಟುಕೊಂಡು, ಪಟ್ಟಿ ಕಟ್ಟದೆ ಗಾಡಿ ಹತ್ತಿದಳು. ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಇವತ್ತಿಗೆ ಮುಗೀತು ಕಣವ್ವ, ನಾಳೆ ಬರೋಣ ಅಂದೆ. ಕಣ್ಣಲ್ಲಿ ನೀರು ಬಂತು ಅವಳಿಗೆ. ನಡೆದುಕೊಂಡೇ ಮನೆಗೆ ಬಂದೆವು, ನಾನು ಗಾಡಿ ತಳ್ಳಿಕೊಂಡು. ದನಿ ಏರಿಸಲಿಲ್ಲ. ಆಮೇಲೆ ಯಾವತ್ತೂ ಪಟ್ಟಿ ಮರೆತಿಲ್ಲ ಅವಳು. 2022ರಲ್ಲಿ ಈ ದೇಶದಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ ದಾಟಿದ್ದರು. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲು ತಾನೇ ಹಾರಿ ಹೋಗುತ್ತದೆ. ಇಂಥ ಕಡೆ ಅಳು ನೋಡಿ ಕರಗುವವನು ಕಲಿಸಬಾರದು.

ಬಿಗಿ ಹಿಡಿದು ತಪ್ಪನ್ನೇ ಕಲಿಸುವ ಒಂದು ವಿಷಯ ನಮ್ಮಲ್ಲಿ ತಲೆತಲಾಂತರದಿಂದ ಬಂದಿದೆ: "ಮುಂದಿನ ಬ್ರೇಕ್ ಮುಟ್ಟೀಯ, ಹುಷಾರ್!" ಚಿಕ್ಕಪ್ಪ ನನಗೆ ಹೇಳಿದ್ದೂ ಇದನ್ನೇ. ಬ್ರೇಕ್ ಹಾಕಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಮುಂದಿನ ಚಕ್ರದ್ದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಮುತ್ತ ಒಂಬೈನೂರು ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಅಪಾಯ ಎದುರಾದಾಗ ಬಹಳ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಜಾರಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ಅಪಘಾತಕ್ಕೀಡಾದವರಲ್ಲಿ ಶೇ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಲಾಸ್ ಏಂಜಲೀಸ್‌ನ ಆ ಸಾಲುಗಳನ್ನು ಓದುವಾಗ ನನಗೆ ನೊಣವಿನಕೆರೆಯ ತೋಟವೇ ಕಣ್ಣೆದುರು ಬಂತು.

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ 125 ಸಿಸಿ ಮೀರಿದ್ದರೆ ಎಬಿಎಸ್, ಅದರೊಳಗಿದ್ದರೆ ಎರಡೂ ಚಕ್ರಕ್ಕೆ ಒಟ್ಟಿಗೆ ಹಿಡಿಯುವ ಸಿಬಿಎಸ್ ಬ್ರೇಕು ಕಡ್ಡಾಯವಾಯಿತು. ಹಳ್ಳಿಯಲ್ಲಿ ಕಲಿಯುವ ಗಾಡಿ ಸಾಮಾನ್ಯವಾಗಿ ಅದಕ್ಕಿಂತ ಹಳೆಯದು. ಅದರಲ್ಲಿ ಮುಂದಿನ ಬ್ರೇಕನ್ನು ಬೆರಳೇ ಹದ ಮಾಡಬೇಕು: ಮೊದಲು ಮೆಲ್ಲಗೆ, ಆಮೇಲೆ ಹಿಂಡುತ್ತಾ ಹೋಗುವುದು, ಹಸುವಿನ ಕೆಚ್ಚಲು ಹಿಂಡಿದ ಹಾಗೆ. ಮುಟ್ಟಲೇಬೇಡ ಅಂದರೆ ಈ ಹದ ಯಾವತ್ತೂ ಬರುವುದಿಲ್ಲ. ಎಲ್ಲಿ ಮುಟ್ಟಬಾರದು ಅನ್ನುವುದನ್ನೂ ಹೇಳಬೇಕು. ಗಾಡಿ ವಾಲಿದ್ದಾಗ, ಮರಳಿನ ಮೇಲೆ, ನೆಂದ ತೆಂಗಿನ ಗರಿಯ ಮೇಲೆ ಬೇಡ. ಎಲ್ಲಕ್ಕಿಂತ ಮುಖ್ಯ, ಒಕ್ಕಣೆಯ ದಿನಗಳಲ್ಲಿ. ಡಿಸೆಂಬರ್ ಬಂದರೆ ಹುಳಿಯಾರು, ಹಂದನಕೆರೆ ಕಡೆ ರಾಗಿ, ಹುರುಳಿ ರಸ್ತೆಗೇ ಬರುತ್ತವೆ. ಒಣಗಿದ ಹುರುಳಿ ಸೊಪ್ಪಿನ ಮೇಲೆ ಬೈಕಿನ ಮುಂದಿನ ಚಕ್ರ ಕಚ್ಚಿ ನಿಂತರೆ ಗಾಡಿ ಎಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತದೆ. ಅಲ್ಲಿಗೆ ಮುಟ್ಟುವ ಮುಂಚೆಯೇ ವೇಗ ಇಳಿಸಿ, ನೆಟ್ಟಗೆ, ಬ್ರೇಕ್ ಮುಟ್ಟದೆ ದಾಟಬೇಕು. ಯಾವ ಪುಸ್ತಕದಲ್ಲೂ ಇಲ್ಲದ, ನಮ್ಮ ಸೀಮೆಯವರೇ ಹೇಳಿಕೊಡಬೇಕಾದ ಪಾಠ ಇದು.

ಇನ್ನು ವಯಸ್ಸಿನ ಮಾತು. ಹದಿನಾಲ್ಕರ ಹುಡುಗ ಟಿವಿಎಸ್ ಎಕ್ಸ್‌ಎಲ್ ಮೇಲೆ ಎಳನೀರು ಗೊನೆ ಹೇರಿಕೊಂಡು ಬರುವುದು ನಮ್ಮ ಕಣ್ಣಿಗೆ ಎಷ್ಟು ರೂಢಿಯಾಗಿದೆ ಅಂದರೆ ಅದು ತಪ್ಪು ಅನ್ನಿಸುವುದೇ ಇಲ್ಲ. ಗೇರಿಲ್ಲದ ಗಾಡಿಯನ್ನು ಹದಿನಾರಕ್ಕೆ ಓಡಿಸಬಹುದು ಅಂತ ಬಹಳ ಜನ ನಂಬಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಹದಿನಾರಕ್ಕೆ ಅವಕಾಶ ಕೊಡುವುದು 50 ಸಿಸಿ ಮೀರದ ಗಾಡಿಗೆ. ಎಕ್ಸ್‌ಎಲ್ ಹಂಡ್ರೆಡ್ 99.7 ಸಿಸಿ, ಶೋರೂಮಿನ ಪೆಟ್ರೋಲ್ ಸ್ಕೂಟರುಗಳು ಐವತ್ತು ಸಿಸಿಗಿಂತ ಮೇಲಿನವು. ಅವುಗಳಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದರ ತನಕ ಲೈಸೆನ್ಸ್ ಇಲ್ಲ.

ಅಪ್ಪನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕಾಯಿ ಕೀಳಿಸಿದ ದಿನ ಆಳು ಸಿಗುವುದಿಲ್ಲ, ಸುಲಿಯುವವರಿಗೆ ಊಟ ಹೋಗಬೇಕು, ಮೋಟಾರ್ ಆನ್ ಮಾಡಲು ಕರೆಂಟು ಬಂದ ಹೊತ್ತಿಗೆ ತೋಟಕ್ಕೆ ಓಡಬೇಕು. ಮನೆಯಲ್ಲಿ ಗಾಡಿ ಇದೆ, ಹುಡುಗ ಇದ್ದಾನೆ. ನನ್ನ ಹತ್ತಿರವೇ ಹಾಗೆ ಬಂದು ಕೇಳಿದವರಿದ್ದಾರೆ: "ಅಣ್ಣಾ, ನಮ್ಮುಡ್ಗನಿಗೆ ಒಂದೆರಡು ದಿನ ಹೇಳ್ಕೊಡು, ತೋಟದವರೆಗೆ ಮಾತ್ರ." ತೋಟದವರೆಗೆ ಅನ್ನುವ ದಾರಿ ಅರ್ಧ ಕಿಲೋಮೀಟರ್ ಬಿ.ಎಚ್. ರಸ್ತೆಯ ಮೇಲೆ ಹೋಗುತ್ತದೆ, ಅದರಲ್ಲಿ ಲಾರಿ ಬಸ್ಸು ಒಂದರ ಹಿಂದೊಂದು. ಕಲಿಸುವವನು ಬಂಡೆಯ ಹಾಗೆ ನಿಲ್ಲಬೇಕಾದದ್ದು ಈ ಅಪ್ಪನ ಎದುರು. ಹುಡುಗನ ಮೇಲೆ ರೇಗುವುದು ಸುಲಭ, ನೆಂಟನಿಗೆ ಇಲ್ಲ ಅನ್ನುವುದು ಕಷ್ಟ. ನಾನು ಒಬ್ಬರಿಗೆ ಇಲ್ಲ ಅಂದದ್ದಕ್ಕೆ ಎರಡು ವರ್ಷ ಮಾತು ಬಿಟ್ಟಿದ್ದರು. ಹುಡುಗ ಹದಿನೆಂಟು ತುಂಬಿದ ಮೇಲೆ ಅವನೇ ಬಂದ, ಕಲಿಸಿದೆ.

ಹದಿನೆಂಟಾದವರಿಗೂ ನಿಯಮ ಇದೆ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಅದು ಸಿಕ್ಕ ಮೂವತ್ತು ದಿನ ಕಳೆದ ಮೇಲೆಯೇ ಡಿಎಲ್ ಪರೀಕ್ಷೆ. ಬಿಳಿ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಮುಂದೆ ಹಿಂದೆ ಎರಡೂ ಕಡೆ ಇರಬೇಕು. ಹಿಂದಿನ ಸೀಟಿನಲ್ಲಿ ಲೈಸೆನ್ಸ್ ಇರುವ ಕಲಿಸುವವನನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಗೆಳತಿಯನ್ನೂ ತಮ್ಮನನ್ನೂ. ಆ ಮೂವತ್ತು ದಿನವನ್ನು ನಾವು ಕಾಯುವ ದಿನ ಅಂದುಕೊಂಡಿದ್ದೇವೆ. ಅದು ಕಲಿಯುವ ದಿನ.

ಪರೀಕ್ಷೆಯ ದಿನ ಮಾಡಿಸುವ 'ಎಂಟು' ಒಳ್ಳೆಯದೇ. ಕಾಲು ನೆಲಕ್ಕೆ ಊರದೆ ನಿಧಾನವಾಗಿ ತಿರುಗಿಸುವವರಿಗೆ ಕ್ಲಚ್ ಗೊತ್ತು, ಸಮತೋಲ ಗೊತ್ತು. ಆದರೆ ಎಂಟು ಹಾಕಿ ಕೆಎ 44 ಗಾಡಿಯಲ್ಲಿ ತಿಪಟೂರಿನಿಂದ ಹೊರಟವನಿಗೆ ಕೆ.ಬಿ. ಕ್ರಾಸಿನಲ್ಲಿ ಹುಳಿಯಾರು ಕಡೆಯಿಂದ ಬರುವ ಲಾರಿಯ ವೇಗ ಅಂದಾಜು ಮಾಡುವುದು ಎಂಟರಿಂದ ಬರುವುದಿಲ್ಲ. ನಲವತ್ತರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಹೋಗುತ್ತದೆ. ಅರವತ್ತರಲ್ಲಿ ಹದಿನಾರು ಮೀಟರ್ ದಾಟಿರುತ್ತದೆ. ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಎರಡು ತೆಂಗಿನ ಮರದ ನಡುವಿನ ಅಂತರ ಹೋಗಿಯೇ ಬಿಟ್ಟಿರುತ್ತದೆ.

ಬ್ರಿಟನ್ನಿನಲ್ಲಿ 1990ರಿಂದ ಒಂದು ಪದ್ಧತಿ ಇದೆ, ಅವರು ಅದನ್ನು ಸಿಬಿಟಿ ಅನ್ನುತ್ತಾರೆ, ಕಡ್ಡಾಯ ಮೂಲ ತರಬೇತಿ. ಮೊದಲು ಮಾತು, ಕಣ್ಣಿನ ಪರೀಕ್ಷೆ, ಆಮೇಲೆ ಮೈದಾನ, ಆಮೇಲೆ ಕನಿಷ್ಠ ಎರಡು ಗಂಟೆ ರಸ್ತೆ. ರಸ್ತೆಯಲ್ಲಿ ಕಲಿಸುವವನು ಬೇರೆ ಬೈಕಿನಲ್ಲಿ ಹಿಂದೆ ಬರುತ್ತಾನೆ, ರೇಡಿಯೋದಲ್ಲಿ ಮಾತಾಡುತ್ತಾನೆ, ಒಂದು ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಜನರನ್ನು ರಸ್ತೆಗೆ ಕರೆದೊಯ್ಯುವಂತಿಲ್ಲ. ನನಗೆ ಹಿಡಿಸಿದ್ದು ಅದರ ಇನ್ನೊಂದು ಗುಣ. ಅದರಲ್ಲಿ ಪಾಸು ಫೇಲು ಇಲ್ಲ. ಕಲಿಸುವವನಿಗೆ ಸಮಾಧಾನ ಆಗುವ ತನಕ ಪ್ರಮಾಣಪತ್ರ ಕೊಡುವುದಿಲ್ಲ, ಅಷ್ಟೇ. ಒಂದು ದಿನ ಸಾಲದಿದ್ದರೆ ಮತ್ತೊಂದು ದಿನ ಬಾ. ಬೈಯುವ ಪ್ರಮೇಯವೇ ಇಲ್ಲ, ಬಿಟ್ಟುಕೊಡುವ ಪ್ರಮೇಯವೂ ಇಲ್ಲ.

ಹಾಗೆ ನೋಡಿದರೆ ನಮ್ಮ ಸೀಮೆಗೂ ಈ ರೀತಿ ಹೊಸದಲ್ಲ. ಕಾಯಿ ಕೀಳಲು ಮರ ಹತ್ತುವವರು ಹುಡುಗರನ್ನು ಹೇಗೆ ತಯಾರು ಮಾಡುತ್ತಾರೆ ನೋಡಿ. ಮೊದಲು ಗಿಡ್ಡ ಮರ, ಅದರಲ್ಲೇ ಎಷ್ಟೋ ದಿನ. ಮಳೆ ಬಂದು ಬೊಡ್ಡೆ ಜಾರುತ್ತಿದ್ದರೆ ಅವತ್ತು ಹತ್ತುವಂತಿಲ್ಲ, ಕೂಲಿ ಹೋದರೂ ಸರಿ. ಹತ್ತಿದ ಮೇಲೆ ಕೆಳಗಿನಿಂದ ಯಾರೂ ಕೂಗಬಾರದು. ಅಪ್ಪಿತಪ್ಪಿ ಮಕ್ಕಳು ಕೂಗಿದರೆ ನಿಂತವರು ಬಾಯಿ ಮುಚ್ಚಿಸುತ್ತಾರೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿ ಶುರು ಮಾಡಿದಾಗ ಅದಕ್ಕೆ ಆರು ದಿನ ಇಟ್ಟಿತು. ನಿಂತಲ್ಲೇ ನಿಂತಿರುವ ಮರಕ್ಕೆ ಆರು ದಿನ ಕೊಡುವ ನಾವು ಓಡುವ ಗಾಡಿಗೆ ಒಂದು ಸಂಜೆ ಕೊಡುತ್ತೇವೆ.

ಅಣ್ಣನ ಮಗಳಿಗೆ ಡಿಎಲ್ ಬಂದ ಮೇಲೂ ಹದಿನೈದು ದಿನ ನಾನು ಇನ್ನೊಂದು ಗಾಡಿಯಲ್ಲಿ ಹಿಂದೆ ಹೋಗುತ್ತಿದ್ದೆ. ಕೆ.ಬಿ. ಕ್ರಾಸಿನಲ್ಲಿ ಒಂದು ಬೆಳಿಗ್ಗೆ ಅವಳು ಎಡಗಾಲು ಊರಿ ನಿಂತಳು. ತುರುವೇಕೆರೆ ಬಸ್ಸು ದೂರವಿತ್ತು, ದಾಟಬಹುದಿತ್ತು. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಲೇ ಇದ್ದ. ಹೋಗಮ್ಮಾ ಅನ್ನಲು ನನಗೂ ಬಾಯಿಗೆ ಬಂದಿತ್ತು, ತಡೆದುಕೊಂಡೆ. ಅವಳು ಕನ್ನಡಿ ನೋಡಿದಳು, ಬಲಕ್ಕೆ ನೋಡಿದಳು, ಬಸ್ಸು ದಾಟಿ ಅದರ ಹಿಂದೆ ಮರೆಯಾಗಿದ್ದ ಆಟೋವನ್ನೂ ಕಳಿಸಿ, ಆಮೇಲೆ ಕ್ಲಚ್ ಬಿಟ್ಟಳು. ಆ ಆಟೋ ನನಗೆ ಕಂಡಿರಲಿಲ್ಲ.

ಮನೆಗೆ ಬಂದು ಗಾಡಿಗೆ ಸ್ಟ್ಯಾಂಡ್ ಹಾಕುತ್ತಾ, "ಚಿಕ್ಕಪ್ಪ, ನಾಳೆ ಹುಳಿಯಾರಿನವರೆಗೆ ಹೋಗ್ಬರ್ಲಾ, ಒಬ್ಳೇ?" ಅಂದಳು.

"ನಾಳೆ ಬೇಡ ಕಣವ್ವ," ಅಂದೆ. "ರಸ್ತೆ ತುಂಬಾ ಹುರುಳಿ ಹಾಕವ್ರೆ."

ಅವಳು ಏನೂ ಹೇಳಲಿಲ್ಲ. ಹೆಲ್ಮೆಟ್ ಪಟ್ಟಿ ಬಿಚ್ಚಿ, ಕೀ ತಂದು ನನ್ನ ಕೈಗೆ ಕೊಟ್ಟಳು.